ಗ್ರಾವೆಲ್ ಸೈಕಲ್ ರೇಸ್‌ನಲ್ಲಿ ‘ಟೈಮ್ ಟ್ರಯಲ್’ ಅಂದ್ರೆ ಏನು? ಏಳು ಕಿ.ಮೀ. ಗರಸಿನ ಏರು, ಒಬ್ಬನೇ ಸವಾರ, ಒಂದೇ ಗಡಿಯಾರ

ಜಾತ್ರೆಯ ಸೈಕಲ್ ಶರ್ಯತ್ತು ನಮ್ಮ ವಿಜಯಪುರ-ಬಾಗಲಕೋಟೆ ಭಾಗದವರಿಗೆ ಹೊಸದಲ್ಲ. ಅಗಸಿ ಮುಂದೆ ಸುಣ್ಣದ ಗೆರೆ ಎಳೀತಾರೆ, ಹುಡುಗರೆಲ್ಲ ಒಮ್ಮೆಲೇ ಪೆಡಲ್ ತುಳೀತಾರೆ, ಮುಂದಿನ ಊರು ಮುಟ್ಟಿ ಯಾರು ಮೊದಲು ವಾಪಸ್ ಬಂದರೋ ಅವರಿಗೆ ಬಹುಮಾನ. ನೋಡುವವರಿಗೂ ಲೆಕ್ಕ ಸಲೀಸು. ಮುಂದೆ ಇದ್ದವನು ಗೆದ್ದ, ಹಿಂದೆ ಬಿದ್ದವನು ಸೋತ.

ಟೈಮ್ ಟ್ರಯಲ್‌ನಲ್ಲಿ ಹಾಗಿಲ್ಲ. ಇಲ್ಲಿ ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತಾರೆ. ಒಬ್ಬ ಹೊರಟ ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಮತ್ತೊಬ್ಬ. ಯಾರು ಮೊದಲು ಗೆರೆ ದಾಟಿದರು ಅನ್ನೋದಕ್ಕೆ ಬೆಲೆಯಿಲ್ಲ, ಯಾರು ಎಷ್ಟು ಹೊತ್ತು ತಗೊಂಡರು ಅನ್ನೋದಷ್ಟೇ ಲೆಕ್ಕ. ಮುಂದಿನವನನ್ನು ಹಿಡಿದರೂ ಅವನ ಬೆನ್ನ ಹಿಂದೆ ಕೂತು ಓಡಿಸುವಂತಿಲ್ಲ, ಪಕ್ಕಕ್ಕೆ ಸರಿದು ದಾಟಿ ಹೋಗಬೇಕು.

ಬೆನ್ನ ಹಿಂದೆ ಕೂತರೆ ಏನು ತಪ್ಪು ಅಂತ ಕೇಳಬಹುದು. ಗಾಳಿ ನೋಡ್ರಿ. ಸಪಾಟು ರಸ್ತೆಯಲ್ಲಿ ಗಂಟೆಗೆ 30-35 ಕಿ.ಮೀ. ದಾಟಿದ ಮೇಲೆ ಸವಾರನ ಶಕ್ತಿಯ ದೊಡ್ಡ ಪಾಲು ಗಾಳಿ ಸೀಳೋದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟು ಆಗಬೇಕು ಅಂದರೆ ಗಾಳಿಯ ವಿರುದ್ಧ ಹಾಕುವ ಶಕ್ತಿ ಎಂಟು ಪಟ್ಟು ಆಗಬೇಕು. ಮುಂದಿನವನ ಮರೆಯಲ್ಲಿ ಇದ್ದವನಿಗೆ ಈ ಹೊರೆ ಬಹಳ ಇಳಿಯುತ್ತದೆ. ಅದಕ್ಕೇ ಗುಂಪಿನ ರೇಸಿನಲ್ಲಿ ಜಾಣತನಕ್ಕೆ ಜಾಗ ಇದೆ: ಬೇರೆಯವರ ಹಿಂದೆ ಅಡಗಿ ಬಂದು, ಕೊನೇ ಇನ್ನೂರು ಮೀಟರ್‌ನಲ್ಲಿ ಹೊರಬಿದ್ದು ಗೆಲ್ಲುವವರು ನಮ್ಮ ಕಡೆಯೂ ಉಂಟು. ಟೈಮ್ ಟ್ರಯಲ್ ಈ ದಾರಿ ಮುಚ್ಚಿಬಿಡುತ್ತದೆ.

ಹಳೇ ಆಟ, ಹೊಸ ದಾರಿ

ಇಂಗ್ಲೆಂಡಿನಲ್ಲಿ 1895ರಲ್ಲೇ ಇಂಥ ಸ್ಪರ್ಧೆ ಶುರುವಾಗಿತ್ತು. ಗುಂಪಾಗಿ ಓಡಿಸಿದರೆ ಕುದುರೆ ಗಾಡಿಗಳು ಬೆದರುತ್ತವೆ, ಪೊಲೀಸರು ಬರುತ್ತಾರೆ ಅಂತ ಒಬ್ಬೊಬ್ಬರನ್ನೇ ಬಿಡುವ ಪದ್ಧತಿ ಅಲ್ಲಿ ಬೆಳೆಯಿತು. ಟೂರ್ ಡಿ ಫ್ರಾನ್ಸ್‌ಗೆ ಇದು ಬಂದದ್ದು 1934ರಲ್ಲಿ. ಫ್ರೆಂಚರು ಇದನ್ನು ‘ಗಡಿಯಾರದ ವಿರುದ್ಧ’ ಅಂತಲೇ ಕರೆಯುತ್ತಾರೆ.

ಇದರ ತಾಕತ್ತು ಜಗತ್ತಿಗೆ ಗೊತ್ತಾದ ದಿನ ಅಂದರೆ 1989ರ ಟೂರ್‌ನ ಕೊನೇ ದಿನ. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದ. ಉಳಿದದ್ದು ವರ್ಸೈಯಿಂದ ಪ್ಯಾರಿಸ್‌ವರೆಗೆ 24.5 ಕಿ.ಮೀ. ಟೈಮ್ ಟ್ರಯಲ್ ಮಾತ್ರ. ಮೂರು ವಾರದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಿ.ಮೀ. ಓಡಿದ ಮೇಲೆ ಫ್ರಾನ್ಸಿನ ಲೊರಾಂ ಫಿನ್ಯೊ ಸೋತದ್ದು ಬರೀ 8 ಸೆಕೆಂಡಿನಿಂದ. ಅಂಗಡಿಯಲ್ಲಿ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡೋದಕ್ಕೂ ಅಷ್ಟು ಹೊತ್ತು ಬೇಕು.

ಇನ್ನು ‘ಗ್ರಾವೆಲ್’. ಇದಕ್ಕೆ ಕನ್ನಡ ಹುಡುಕುವ ಕಷ್ಟ ನಮಗಿಲ್ಲ. ಗರಸು ಹಾಕಿದ ದಾರಿ, ಕಡಿ ಎದ್ದ ರಸ್ತೆ, ಕೆನಾಲ್ ದಂಡೆಯ ರಸ್ತೆ, ಹೊಲಕ್ಕೆ ಹೋಗುವ ಬಂಡಿ ದಾರಿ, ಎಲ್ಲವೂ ಗ್ರಾವೆಲ್ಲೇ. ಡಾಂಬರು ಅಲ್ಲ, ಹಾಗಂತ ಕಾಡಿನ ಕಾಲುದಾರಿಯೂ ಅಲ್ಲ. ಅಮೆರಿಕದ ಕಾನ್ಸಸ್ ರಾಜ್ಯದ ಎಂಪೋರಿಯಾ ಅನ್ನೋ ಸಣ್ಣ ಊರಿನಲ್ಲಿ 2006ರಲ್ಲಿ ನಾಲ್ಕು ಡಜನ್‌ಗಿಂತ ಕಡಿಮೆ ಜನ ಸೇರಿ 200 ಮೈಲಿಯ ಇಂಥ ರೇಸ್ ಶುರು ಮಾಡಿದರು. ಇವತ್ತು ಅದಕ್ಕೆ ‘ಅನ್‌ಬೌಂಡ್ ಗ್ರಾವೆಲ್’ ಅಂತ ಹೆಸರು, ಸಾವಿರಗಟ್ಟಲೆ ಜನ ಹೋಗುತ್ತಾರೆ, ಊರಿನ ಹೋಟೆಲ್-ಅಂಗಡಿಗಳಿಗೆ ಅದು ವರ್ಷದ ದೊಡ್ಡ ವ್ಯಾಪಾರ. 2022ರಲ್ಲಿ ಇಟಲಿಯಲ್ಲಿ ಮೊದಲ ವಿಶ್ವ ಗ್ರಾವೆಲ್ ಚಾಂಪಿಯನ್‌ಷಿಪ್ ಕೂಡ ನಡೆಯಿತು.

ಅಲ್ಲಿನ ಮಣ್ಣಿನ ಬಗ್ಗೆ ಒಂದು ಮಾತು. ಮಳೆ ಬಿದ್ದರೆ ಕಾನ್ಸಸ್‌ನ ಮಣ್ಣು ನಮ್ಮ ಎರಿ ಮಣ್ಣಿನ ಹಾಗೆಯೇ ಗಾಲಿಗೆ ಮೆತ್ತಿ ಸೈಕಲ್ ನಿಲ್ಲಿಸಿಬಿಡುತ್ತದೆ. 2023ರಲ್ಲಿ ಹಾಗೇ ಆಗಿ ದೊಡ್ಡ ದೊಡ್ಡ ಸವಾರರು ಸೈಕಲ್ ಹೆಗಲಿಗೆ ಹಾಕಿಕೊಂಡು ನಡೆದರು. ಮಣ್ಣು ಕೆರೆಯೋದಕ್ಕೆ ಅಂತ ಪೇಂಟ್ ಕಲಕುವ ಕಟ್ಟಿಗೆ ಪಟ್ಟಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗೋದು ಅಲ್ಲಿನ ರೂಢಿ.

ಕೆಚಮ್ ಊರಿನ ಏರು

ಗ್ರಾವೆಲ್ ರೇಸ್ ಅಂದರೆ ಸಾಮಾನ್ಯವಾಗಿ ಇಡೀ ದಿನದ ಓಟ. ಅದರಲ್ಲಿ ಅರ್ಧ ಗಂಟೆಯ ಟೈಮ್ ಟ್ರಯಲ್ ಸೇರಿಸಿದ್ದು ಅಪರೂಪ. ಹಾಗೆ ಸೇರಿಸಿದ ಹೆಸರುವಾಸಿ ಸ್ಪರ್ಧೆ ಅಮೆರಿಕದ ಐಡಹೊ ರಾಜ್ಯದ ಕೆಚಮ್‌ನಲ್ಲಿ ನಡೆಯುವ ‘ರೆಬೆಕ್ಕಾಸ್ ಪ್ರೈವೇಟ್ ಐಡಹೊ’. ಶುರು ಮಾಡಿದ್ದು 2013ರಲ್ಲಿ, ರೆಬೆಕ್ಕಾ ರಶ್ ಅನ್ನೋ ಸಾಹಸಿ ಸವಾರಿಣಿ. ಈಕೆಯ ತಂದೆ ಅಮೆರಿಕದ ವಾಯುಪಡೆಯ ಪೈಲಟ್, ವಿಯೆಟ್ನಾಂ ಯುದ್ಧದ ಹೊತ್ತಿಗೆ 1972ರಲ್ಲಿ ಲಾವೋಸ್‌ನಲ್ಲಿ ವಿಮಾನ ಉರುಳಿ ಸತ್ತವರು. ಆ ಜಾಗ ಹುಡುಕಿಕೊಂಡು ಈಕೆ ಹೋ ಚಿ ಮಿನ್ ದಾರಿಯಲ್ಲಿ ಸುಮಾರು 1,200 ಮೈಲಿ ಸೈಕಲ್ ತುಳಿದಳು. ‘ಬ್ಲಡ್ ರೋಡ್’ ಅನ್ನೋ ಸಾಕ್ಷ್ಯಚಿತ್ರ ಅದರದ್ದೇ. ಇಂಥವಳು ರೇಸ್ ಕಟ್ಟಿದರೆ ಅದು ಸಲೀಸು ಇರೋದಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಇದರಲ್ಲಿ ಹಂತ ಹಂತದ ಸ್ಪರ್ಧೆಯೂ ಇದೆ. ಎರಡನೇ ಹಂತವೇ ಟೈಮ್ ಟ್ರಯಲ್. ಸವಾರರು ಕೆಚಮ್‌ನಿಂದ ಕಣಿವೆಯ ದಾರಿ ಹಿಡಿದು ಒಟ್ಟಿಗೆ, ಹರಟೆ ಹೊಡೆಯುತ್ತಾ ಏರಿನ ಬುಡಕ್ಕೆ ಹೋಗುತ್ತಾರೆ. ಅಲ್ಲಿಂದ ಡಾಲರ್‌ಹೈಡ್ ಅನ್ನೋ ಘಾಟಿಯ ತುದಿವರೆಗೆ ಸುಮಾರು ನಾಲ್ಕೂವರೆ ಮೈಲಿ, ಅಂದರೆ ಏಳು ಕಿ.ಮೀ. ಮೇಲೆ ಗರಸಿನ ಏರು. ಗಡಿಯಾರ ಓಡೋದು ಈ ಏರಿನಲ್ಲಿ ಮಾತ್ರ. ತುದಿ ಇರೋದು ಸಮುದ್ರ ಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಆಸುಪಾಸು. ಡಾಲರ್‌ಹೈಡ್ ತುದಿಯಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರ ದಂಡೆಗಿಂತ ಕಾಲುಭಾಗ ಕಡಿಮೆ.

ಏಳೇ ಕಿ.ಮೀ., ಅದರಲ್ಲೇನಿದೆ ಅನ್ನಿಸಬಹುದು. ಮೊದಲ ಹಂತದ ದಣಿವು ಕಾಲಿನಲ್ಲಿ ಇರುತ್ತದೆ, ಕೊನೆಯ ಹಂತದ ಸುಮಾರು ನೂರು ಮೈಲಿ ಇನ್ನೂ ಮುಂದಿರುತ್ತದೆ, ಎಲ್ಲ ಹಂತದ ಸಮಯ ಕೂಡಿಸಿಯೇ ಗೆದ್ದವರು ಯಾರು ಅಂತ ಹೇಳೋದು. ಇಲ್ಲಿ ಕೈಬಿಟ್ಟ ಒಂದು ನಿಮಿಷವನ್ನು ನೂರು ಮೈಲಿಯ ದಿನ ಗುಂಪಿನಿಂದ ತಪ್ಪಿಸಿಕೊಂಡು ಮತ್ತೆ ಗಳಿಸೋದು ಎಷ್ಟು ಕಷ್ಟ ಅನ್ನೋದು ಸೈಕಲ್ ತುಳಿದವರಿಗೆ ಗೊತ್ತು.

ಹೊರಡುವಾಗಿನ ಆಸೆ

ಇಂಥ ಓಟದಲ್ಲಿ ಹೆಚ್ಚಿನವರು ಸೋಲೋದು ಮೊದಲ ಐದು ನಿಮಿಷದಲ್ಲಿ. ಎಣಿಕೆ ಕೇಳುತ್ತದೆ: ಐದು, ನಾಲ್ಕು, ಮೂರು... ಮೈ ಬಿಸಿ ಆಗಿದೆ, ಸುತ್ತ ಜನ ಕೂಗುತ್ತಿದ್ದಾರೆ, ಕಾಲು ಹಗುರ ಅನ್ನಿಸುತ್ತದೆ. ಎದೆ ಬಡಿತ ಏರೋದಕ್ಕೆ ಒಂದೆರಡು ನಿಮಿಷ ಬೇಕು, ಅಲ್ಲಿವರೆಗೆ ದೇಹ ದೂರು ಹೇಳೋದಿಲ್ಲ. ಆ ಎರಡು ನಿಮಿಷದಲ್ಲಿ ಸವಾರ ಮಾಡಿದ್ದೆಲ್ಲ ಉದ್ರಿ. ಮುಂದೆ ಬಡ್ಡಿ ಸಮೇತ ವಸೂಲಿ ಆಗುತ್ತದೆ.

ಲೆಕ್ಕ ಹಾಕಿ ನೋಡೋಣ. ಏಳು ಕಿ.ಮೀ. ಏರು ಅಂತ ಇಟ್ಟುಕೊಳ್ಳಿ. ಒಬ್ಬ ಶುರುವಿನಿಂದ ಕೊನೇವರೆಗೆ ಗಂಟೆಗೆ 15 ಕಿ.ಮೀ. ವೇಗದಲ್ಲೇ ಹೋದ. ಸರಿಯಾಗಿ 28 ನಿಮಿಷ. ಇನ್ನೊಬ್ಬ ಮೊದಲ ಎರಡು ಕಿ.ಮೀ. 18ರ ವೇಗದಲ್ಲಿ ಹೊಡೆದ, ಆಮೇಲೆ ಉಸಿರು ಸಾಲದೆ 13ಕ್ಕೆ ಇಳಿದ. ಎರಡನೇ ಕಿ.ಮೀ. ಕಲ್ಲಿನ ಹತ್ತಿರ ಇವನು 1 ನಿಮಿಷ 20 ಸೆಕೆಂಡು ಮುಂದೆ. ನೋಡುವವರು ಇವನೇ ಗೆದ್ದ ಅಂತಾರೆ. ಆದರೆ ತುದಿ ಮುಟ್ಟಿದಾಗ ಇವನ ಸಮಯ 29 ನಿಮಿಷ 45 ಸೆಕೆಂಡು, ಅಂದರೆ ಒಂದೂಮುಕ್ಕಾಲು ನಿಮಿಷ ಹಿಂದೆ. ಶಕ್ತಿ ಇಬ್ಬರದೂ ಒಂದೇ ಇರಬಹುದು, ಖರ್ಚು ಮಾಡಿದ ರೀತಿ ಬೇರೆ.

ಹಾಗಾದರೆ ಹೇಗೆ ಹೊರಡಬೇಕು? ‘ಇದು ಸ್ವಲ್ಪ ನಿಧಾನ ಆಯ್ತಲ್ಲ’ ಅಂತ ಮನಸ್ಸಿಗೆ ಅನ್ನಿಸುವಷ್ಟು. ದುಬಾರಿ ಸೈಕಲ್‌ನವರು ಪೆಡಲ್‌ಗೆ ಶಕ್ತಿ ಅಳೆಯುವ ಮೀಟರ್ ಕಟ್ಟಿರುತ್ತಾರೆ. ಅದು ಇಲ್ಲದಿದ್ದರೂ ಉಸಿರೇ ಮೀಟರ್. ಮೊದಲ ಐದಾರು ನಿಮಿಷ ಒಂದು ಸಣ್ಣ ವಾಕ್ಯ ಹೇಳೋದಕ್ಕೆ ಆಗಬೇಕು. ನಡುವಿನಲ್ಲಿ ಎರಡು-ಮೂರು ಶಬ್ದ. ಕೊನೇ ಐದು ನಿಮಿಷದಲ್ಲಿ ಹೆಸರು ಕೇಳಿದರೂ ಹೇಳೋದಕ್ಕೆ ಆಗಬಾರದು. ಏರು ಎಲ್ಲ ಕಡೆ ಒಂದೇ ಸಮ ಇರೋದಿಲ್ಲ, ಕಡಿದಾದ ಜಾಗದಲ್ಲಿ ತುಸು ಹೆಚ್ಚು ಒತ್ತಿ, ಸಪಾಟು ಬಂದಲ್ಲಿ ಉಸಿರು ತಗೊಳ್ಳೋದು ಲಾಭ. ನಿಧಾನ ಹೋಗುವ ಜಾಗದಲ್ಲೇ ಹೆಚ್ಚು ಹೊತ್ತು ಕಳೆಯುತ್ತೇವೆ, ಅಲ್ಲಿ ಉಳಿಸಿದ್ದು ಗಡಿಯಾರದಲ್ಲಿ ಎದ್ದು ಕಾಣುತ್ತದೆ.

ಹೊರಡುವ ಮುಂಚೆ ಇಪ್ಪತ್ತು ನಿಮಿಷವಾದರೂ ತುಳಿದು ಮೈ ಬಿಸಿ ಮಾಡಿಕೊಳ್ಳಬೇಕು. ಓಟ ಸಣ್ಣದಾದಷ್ಟೂ ಇದು ಮುಖ್ಯ, ಯಾಕಂದರೆ ದಾರಿಯಲ್ಲಿ ಬಿಸಿ ಆಗೋದಕ್ಕೆ ಹೊತ್ತು ಇರೋದಿಲ್ಲ. ಬಿಸಿ ಮಾಡಿ ಸಾಲಿನಲ್ಲಿ ಅರ್ಧ ಗಂಟೆ ನಿಂತರೆ ಮಾಡಿದ್ದು ದಂಡ. ಕೆಚಮ್‌ನಂಥ ತಂಪು ಬೆಟ್ಟದಲ್ಲಿ ಸರದಿ ಬರೋವರೆಗೂ ಜಾಕೆಟ್ ತೆಗೆಯೋದಿಲ್ಲ.

ಗರಸು ಕಲಿಸುವ ಪಾಠ

ಡಾಂಬರಿನ ಏರಿನಲ್ಲಿ ಎದ್ದು ನಿಂತು ತುಳಿಯೋದು ನಮ್ಮ ಹುಡುಗರ ಅಭ್ಯಾಸ. ಸಡಿಲ ಗರಸಿನಲ್ಲಿ ಹಾಗೆ ಎದ್ದರೆ ಹಿಂದಿನ ಗಾಲಿಯ ಮೇಲಿನ ಭಾರ ಹೋಗಿ ಅದು ಇದ್ದಲ್ಲೇ ತಿರುಗುತ್ತದೆ. ಒಂದು ಸುತ್ತು ದಂಡ, ಜೊತೆಗೆ ತೋಲ ತಪ್ಪುವ ಭಯ. ಅದಕ್ಕೆ ಸೀಟಿನ ಮೇಲೆ ಕೂತೇ, ಮೈ ಸ್ವಲ್ಪ ಮುಂದೆ ಬಾಗಿಸಿ, ಹಗುರ ಗೇರ್‌ನಲ್ಲಿ ಕಾಲು ದುಂಡಗೆ ತಿರುಗಿಸಬೇಕು. ಜೋರಾಗಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಹೋದರೆ ಗಾಲಿ ಜಾರುತ್ತದೆ.

ದಾರಿ ಆರಿಸೋದು ಇನ್ನೊಂದು. ಗರಸಿನ ರಸ್ತೆಯಲ್ಲಿ ಟ್ರ್ಯಾಕ್ಟರ್-ಜೀಪಿನ ಗಾಲಿ ಓಡಿದ ಎರಡು ಪಟ್ಟಿ ಗಟ್ಟಿಯಾಗಿರುತ್ತವೆ, ನಡುವೆ ಮತ್ತು ದಂಡೆಗೆ ಸಡಿಲ ಕಲ್ಲು ಸೇರಿರುತ್ತದೆ. ಗಟ್ಟಿ ಪಟ್ಟಿ ಹಿಡಿದವನಿಗೆ ಅರ್ಧ ಕೆಲಸ ಮುಗಿದಂತೆ. ಪಟ್ಟಿ ಬದಲಿಸುವಾಗ ಹ್ಯಾಂಡಲ್ ಗಟ್ಟಿ ಹಿಡಿದು ತಿರುಗಿಸಿದರೆ ಮುಂದಿನ ಗಾಲಿ ಜಾರಿ ಬೀಳೋದು ಖಾತ್ರಿ. ಕೈ ಸಡಿಲ ಬಿಟ್ಟು ಸೈಕಲ್ ತಾನೇ ದಾಟಲು ಬಿಡಬೇಕು.

ಟೈರಿನ ವಿಷಯ ನಮ್ಮ ಸೈಕಲ್ ಅಂಗಡಿಯವರಿಗೆ ಖುಷಿ ಕೊಡಬಹುದು. ಗ್ರಾವೆಲ್ ಸೈಕಲ್ ಅಂತ ಲಕ್ಷಗಟ್ಟಲೆ ಬೆಲೆಗೆ ಮಾರುವ ಸೈಕಲ್‌ಗಳಿಗೆ ಸಾಮಾನ್ಯವಾಗಿ 40 ಮಿ.ಮೀ. ಆಸುಪಾಸಿನ ಅಗಲದ ಟೈರು. ಹಾಲಿನವರು, ಪೇಪರಿನವರು ಇಷ್ಟು ವರ್ಷ ಓಡಿಸಿದ ಕರೀ ಸೈಕಲ್‌ನ 28×1½ ಟೈರಿನ ಬದಿ ಓದಿ ನೋಡಿ, 40-635 ಅಂತ ಇರುತ್ತದೆ. ಅದೇ 40! ಕೆಟ್ಟ ರಸ್ತೆಗೆ ಎಷ್ಟು ಅಗಲದ ಟೈರು ಬೇಕು ಅನ್ನೋದು ನಮ್ಮ ಅಜ್ಜಂದಿರ ಸೈಕಲ್‌ಗೆ ಗೊತ್ತಿತ್ತು. ಬೇರೆ ಇರೋದು ತೂಕ, ಗೇರು, ಬ್ರೇಕು.

ಗಾಳಿ ಕಲ್ಲಿನ ಹಾಗೆ ತುಂಬಿಸಿದರೆ ಸೈಕಲ್ ಜೋರು ಓಡುತ್ತದೆ ಅನ್ನೋದು ಹಳೇ ನಂಬಿಕೆ. ನುಣುಪು ರಸ್ತೆಗೆ ಸರಿ. ಗರಸಿನಲ್ಲಿ ಗಟ್ಟಿ ಟೈರು ಒಂದೊಂದು ಕಲ್ಲಿಗೂ ಪುಟಿಯುತ್ತದೆ, ಪುಟಿದಾಗಲೆಲ್ಲ ಮುಂದೆ ಹೋಗಬೇಕಾದ ಶಕ್ತಿ ಮೇಲಕ್ಕೆ ಹೋಗುತ್ತದೆ. 65 ಕೆ.ಜಿ. ಸವಾರ 40 ಮಿ.ಮೀ. ಟ್ಯೂಬ್‌ಲೆಸ್ ಟೈರಿಗೆ 30ರಿಂದ 40 ಪಿ.ಎಸ್.ಐ. ಒಳಗೇ ಇಟ್ಟುಕೊಳ್ಳುತ್ತಾನೆ. ಟ್ಯೂಬ್ ಇರುವ ಸೈಕಲ್‌ಗೆ ಮಾತ್ರ ಇಷ್ಟು ಇಳಿಸೋದು ಬೇಡ. ಕಲ್ಲಿಗೆ ಬಡಿದಾಗ ರಿಮ್ಮು ಟ್ಯೂಬನ್ನು ಕಚ್ಚಿ ಒಂದರ ಪಕ್ಕ ಒಂದು ಎರಡು ತೂತು ಬೀಳುತ್ತವೆ.

ಪಂಕ್ಚರ್ ಆದರೆ? ಇಡೀ ದಿನದ ರೇಸಿನಲ್ಲಿ ಹತ್ತು ನಿಮಿಷ ಹೋದರೂ ಚೇತರಿಸಿಕೊಳ್ಳಬಹುದು. ಅರ್ಧ ಗಂಟೆಯ ಓಟದಲ್ಲಿ ಆ ದಿನ ಮುಗಿದಂತೆ. ಹಾಗಾಗಿ ಟೈರಿನೊಳಗೆ ಅಂಟು ದ್ರವ ಹಾಕಿರುತ್ತಾರೆ, ಮುಳ್ಳಿನ ತೂತು ತಾನೇ ಮುಚ್ಚುತ್ತದೆ. ಬಳ್ಳಾರಿ ಜಾಲಿ ಮುಳ್ಳಿನ ನಡುವೆ ಬದುಕುವ ನಮಗೆ ಇದಕ್ಕಿಂತ ಉಪಯೋಗದ ವಸ್ತು ಬೇರೆ ಇಲ್ಲ.

ಇನ್ನು ತೂಕ. ಏರಿನಲ್ಲಿ ವೇಗ ಕಡಿಮೆ, ಹಾಗಾಗಿ ಗಾಳಿಯ ಕಾಟ ಕಡಿಮೆ. ಹೋರಾಟ ಭೂಮಿಯ ಸೆಳೆತದ ಜೊತೆ. ಸವಾರ-ಸೈಕಲ್ ಸೇರಿ 75 ಕೆ.ಜಿ. ಇದ್ದರೆ ಒಂದು ಕೆ.ಜಿ. ಹೆಚ್ಚಾದರೂ ಅರ್ಧ ಗಂಟೆಯ ಏರಿನಲ್ಲಿ ಸುಮಾರು 20 ಸೆಕೆಂಡು ಹೋಗುತ್ತದೆ. ಒಂದು ಲೀಟರ್ ನೀರಿನ ಬಾಟಲಿ ಅಂದರೆ ಒಂದು ಕೆ.ಜಿ. ಅನುಭವಿಗಳು ಹೊರಡುವ ಮುಂಚೆ ಕುಡಿದು, ಬಾಟಲಿಯಲ್ಲಿ ನಾಲ್ಕು ಗುಟುಕು ಮಾತ್ರ ಉಳಿಸಿಕೊಳ್ಳುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ನೂರು ಗ್ರಾಂ ಹಗುರದ ಸಾಮಾನು ಹಾಕಿಸಿ, ತುಂಬಿದ ಬಾಟಲಿ ಹೊತ್ತು ಏರುವವರನ್ನು ನೋಡಿದರೆ ನಗು ಬರುತ್ತದೆ.

ಇಳಿಯುವಾಗ ಎಚ್ಚರ

ಡಾಲರ್‌ಹೈಡ್‌ನಲ್ಲಿ ಇಳಿಜಾರಿಗೆ ಗಡಿಯಾರ ಇಲ್ಲ, ಅದು ಒಳ್ಳೇ ಯೋಚನೆ. ಉಸಿರು ಪೂರ್ತಿ ಖಾಲಿಯಾದ ಮೇಲೆ ಕಣ್ಣೂ ಮಂಜಾಗುತ್ತದೆ, ಕೈ ನಡುಗುತ್ತದೆ, ಬ್ರೇಕ್ ಹಿಡಿಯುವ ಅಂದಾಜು ತಪ್ಪುತ್ತದೆ. ತುದಿಯಲ್ಲಿ ಐದು ನಿಮಿಷ ನಿಂತು, ಗಾಳಿಗೆ ಜಾಕೆಟ್ ಹಾಕಿಕೊಂಡು ಇಳಿಯೋದು ಕ್ಷೇಮ. ಗರಸಿನಲ್ಲಿ ಬ್ರೇಕು ತಿರುವಿಗೆ ಮುಂಚೆ, ಸೈಕಲ್ ನೆಟ್ಟಗೆ ಇರುವಾಗಲೇ ಹಿಡಿಯಬೇಕು. ತಿರುವಿನ ಒಳಗೆ ಮುಂದಿನ ಬ್ರೇಕ್ ಒತ್ತಿದರೆ ಮೊಳಕೈ-ಮೊಣಕಾಲು ಗರಸಿಗೆ ಕೊಟ್ಟಂತೆ.

ನಮ್ಮ ಕೆನಾಲ್ ದಂಡೆಯ ಮೇಲೆ

ಈ ಕಥೆ ನಮಗ್ಯಾಕೆ ಅಂದರೆ, ಈ ಎರಡು ಜಿಲ್ಲೆಗಳು ರಾಜ್ಯಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆಗಳು. ವಿಜಯಪುರದ ವೆಲೊಡ್ರೋಮ್ ಕಾಮಗಾರಿ ಎಷ್ಟು ವರ್ಷ ಎಳೆಯಿತು ಅನ್ನೋದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಟೈಮ್ ಟ್ರಯಲ್‌ಗೆ ವೆಲೊಡ್ರೋಮ್ ಬೇಕಿಲ್ಲ. ರಾಜ್ಯ, ರಾಷ್ಟ್ರ ಮಟ್ಟದ ರಸ್ತೆ ಸೈಕ್ಲಿಂಗ್‌ನಲ್ಲಿ ವೈಯಕ್ತಿಕ ಟೈಮ್ ಟ್ರಯಲ್ ಬೇರೆಯೇ ಪದಕದ ವಿಭಾಗ. ಜಾತ್ರೆಯ ಗುಂಪಿನ ಓಟ ಮಾತ್ರ ಗೊತ್ತಿರುವ ಹುಡುಗ ಅಲ್ಲಿ ಮೊದಲ ಸಲ ಒಬ್ಬನೇ ನಿಂತಾಗ, ಮೇಲೆ ಹೇಳಿದ 18-13ರ ತಪ್ಪನ್ನೇ ಮಾಡುವ ಸಂಭವ ಹೆಚ್ಚು. ಒಂದು ವರ್ಷದ ತಯಾರಿ ಐದು ನಿಮಿಷದಲ್ಲಿ ಹೋಗುತ್ತದೆ.

ಅಭ್ಯಾಸಕ್ಕೆ ಕೆನಾಲ್ ದಂಡೆಯ ಗರಸಿನ ರಸ್ತೆ ಸಾಕು. ಐದು ಕಿ.ಮೀ. ಅಳೆದು ಎರಡು ಕಡೆ ಸುಣ್ಣದ ಗುರುತು ಹಾಕಿ, ಮೊಬೈಲಿನ ಗಡಿಯಾರ ಇಟ್ಟು ಒಬ್ಬೊಬ್ಬರನ್ನೇ ನಿಮಿಷಕ್ಕೊಮ್ಮೆ ಬಿಡಿ. ನಡುವೆ ಒಬ್ಬರು ನಿಂತು ಅರ್ಧ ದಾರಿಯ ಸಮಯ ಬರೆದುಕೊಳ್ಳಲಿ. ಮೊದಲ ಅರ್ಧಕ್ಕಿಂತ ಎರಡನೇ ಅರ್ಧ ಬಹಳ ನಿಧಾನ ಆಗಿದ್ದರೆ ಹುಡುಗನಿಗೆ ಬಯ್ಯಬೇಡಿ, ಆ ಎರಡು ಅಂಕಿ ತೋರಿಸಿ. ಒಂದು ದಿನ ಹೋಗುವಾಗ ಎದುರು ಗಾಳಿ ಇದ್ದರೆ ಬರುವಾಗಿನದನ್ನೂ ಅಳೆಯಿರಿ, ಇಲ್ಲಾಂದ್ರೆ ಲೆಕ್ಕ ಸುಳ್ಳಾಗುತ್ತದೆ. ವಾರಕ್ಕೆ ಒಂದು ಸಲ ಸಾಕು, ದಿನಾ ಗಡಿಯಾರ ಹಿಡಿದರೆ ಕಾಲು ಸೋಲುತ್ತದೆ.

ಎರಡು ಜಾಗ್ರತೆ ಮಾತ್ರ ಬಿಡಬೇಡಿ. ತಲೆಗೆ ಹೆಲ್ಮೆಟ್ ಇಲ್ಲದೆ ಯಾರನ್ನೂ ಗೆರೆಯ ಮೇಲೆ ನಿಲ್ಲಿಸಬಾರದು, ನೀರು ಬಿಟ್ಟ ಕೆನಾಲ್ ಪಕ್ಕದಲ್ಲಿ ಜಾರಿ ಬಿದ್ದರೆ ಹಿಡಿದುಕೊಳ್ಳೋದಕ್ಕೆ ಏನೂ ಇರೋದಿಲ್ಲ, ಹಾಗಾಗಿ ಪ್ರತಿ ತಿರುವಿಗೆ ಒಬ್ಬ ದೊಡ್ಡವರು ನಿಂತಿರಬೇಕು. ಎರಡನೇದು ಕಬ್ಬಿನ ಹಂಗಾಮು. ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನವನಿಗೆ ಹಿಂದಿನ ಸೈಕಲ್ ಕಾಣೋದಿಲ್ಲ, ಹಾಡು ಹಾಕಿದ್ದರೆ ಕೂಗೂ ಕೇಳೋದಿಲ್ಲ. ಆ ತಿಂಗಳುಗಳಲ್ಲಿ ಲೋಡ್ ಓಡಾಡುವ ದಾರಿ ಬಿಟ್ಟು ಬೇರೆ ದಂಡೆ ಹಿಡಿಯಿರಿ, ಬೆಳಿಗ್ಗೆ ಬೆಳಕು ಪೂರ್ತಿ ಹರಿದ ಮೇಲೆಯೇ ಮೊದಲ ಸವಾರನನ್ನು ಬಿಡಿ.